ಕಿಟಕಿ ತೂತು, ಬಾಗಿಲು ತೂತಲ್ಲ: ಕಂಪ್ಯೂಟರಿನಲ್ಲಿ ಮನೆ ಕಟ್ಟುವ ಮೊದಲ ಪಾಠಗಳು

ಮೂವತ್ತು–ನಲವತ್ತರ ಸೈಟಿಗೆ ಬರೆದ ಯಾವುದಾದರೂ ಮನೆಯ ನಕ್ಷೆ ತೆಗೆದು ನೋಡಿ. ಜೋಡಿಗೆರೆ ಕಂಡರೆ ಗೋಡೆ ಎನ್ನುತ್ತೇವೆ. ಗೆರೆ ಕಡಿದು ಅಲ್ಲೊಂದು ಕಾಲುವೃತ್ತ ಬಂದರೆ ಬಾಗಿಲು. ಹಾಗೆಂದು ಕಾಗದದಲ್ಲಿ ಎಲ್ಲೂ ಬರೆದಿರುವುದಿಲ್ಲ, ಅರ್ಥವೆಲ್ಲ ಓದುವವರ ತಲೆಯಲ್ಲಿ. ಗೋಡೆ ಬೀಮಿನ ಅಡಿಗೆ ನಿಲ್ಲಬೇಕೋ ಮೋಲ್ಡಿನ ಅಡಿಗೋ, ಕಿಟಕಿ ನೆಲದಿಂದ ಎಷ್ಟು ಮೇಲೆ ಶುರುವಾಗಬೇಕು, ಇಂಥವನ್ನು ಮೇಸ್ತ್ರಿ ಕಟ್ಟುವಾಗ ಕೇಳಿಕೊಳ್ಳುತ್ತಾನೆ, ಇಲ್ಲವೇ ಕೇಳದೆ ತಾನೇ ತೀರ್ಮಾನಿಸಿಬಿಡುತ್ತಾನೆ. 1982ರಲ್ಲಿ ಬಂದ ಆಟೋಕ್ಯಾಡ್ ಎಂಬ ತಂತ್ರಾಂಶ ಈ ನಕ್ಷೆಯನ್ನು ಪರದೆಗೆ ತಂದಿತು. ತಿದ್ದುವುದು ಸುಲಭವಾಯಿತು, ನಕಲು ತೆಗೆಯುವುದು ಇನ್ನೂ ಸುಲಭ. ಆದರೆ ಗೆರೆ ಗೆರೆಯಾಗಿಯೇ ಉಳಿಯಿತು.

ಗೆರೆಯ ಬದಲು ಕಟ್ಟಡವನ್ನೇ ಕಂಪ್ಯೂಟರಿನೊಳಗೆ ಇಟ್ಟರೆ ಹೇಗೆ ಎಂಬ ಯೋಚನೆ ಆಟೋಕ್ಯಾಡ್‌ಗಿಂತ ಹಳೆಯದು. 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶ ಬರೆದಿದ್ದರು. ಈ ಎರಡು ಗೆರೆ ಸಮಾಂತರವಾಗಿರಬೇಕು ಎಂದು ಒಮ್ಮೆ ಹೇಳಿದರೆ ಸಾಕು, ಆಮೇಲೆ ಆ ಮಾತನ್ನು ಯಂತ್ರವೇ ಕಾಯ್ದುಕೊಳ್ಳುತ್ತಿತ್ತು. 1975ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಈಸ್ಟ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಕಂಪ್ಯೂಟರಿನಲ್ಲಿ ಇರಬೇಕಾದ್ದು ಗೋಡೆ, ಕಂಬ, ತೊಲೆಗಳ ವಿವರ, ಪ್ಲಾನು, ಸೆಕ್ಷನ್ನು (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ) ಎಲ್ಲ ಅದರಿಂದ ತಾವಾಗಿ ಹುಟ್ಟಬೇಕು, ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗಬೇಕು. ಇದು ಸಾಮಾನ್ಯ ವಾಸ್ತುಶಿಲ್ಪಿಯ ಮೇಜಿಗೆ ಬರಲು ವರ್ಷಗಳೇ ಹಿಡಿದವು. 80ರ ದಶಕದಲ್ಲಿ ಹಂಗೆರಿಯ ಬುಡಾಪೆಸ್ಟ್‌ನಿಂದ ಆರ್ಕಿಕ್ಯಾಡ್ ಬಂತು, 2000ದಲ್ಲಿ ರೆವಿಟ್. 2002ರಲ್ಲಿ ಆಟೋಕ್ಯಾಡ್‌ನ ಒಡೆಯರಾದ ಆಟೋಡೆಸ್ಕ್ ಕಂಪನಿಯೇ ರೆವಿಟ್ ಅನ್ನು ಕೊಂಡುಕೊಂಡಿತು. ಈ ಬಗೆಯ ಕೆಲಸವನ್ನು ಈಗ ‘ಬಿಮ್’ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಎಂದು ಕರೆಯುತ್ತಾರೆ.

ಹೊಸಬರು ಕಲಿಯಲು ಕೂತಾಗ ಎಡವುವುದು ಇಲ್ಲೇ. ಅವರು ಚಿತ್ರ ಬಿಡಿಸಲು ಬಂದಿರುತ್ತಾರೆ. ತಂತ್ರಾಂಶ ಮೇಸ್ತ್ರಿಯ ಪ್ರಶ್ನೆಗಳನ್ನೆಲ್ಲ ಮೊದಲ ದಿನವೇ ಕೇಳುತ್ತದೆ.

ಮೊದಲ ಪ್ರಶ್ನೆ ತೀರಾ ನೀರಸ: ಮಹಡಿಯ ಮಟ್ಟಗಳು ಎಲ್ಲೆಲ್ಲಿ? ನೆಲಮಹಡಿ ಸೊನ್ನೆ, ಮೊದಲ ಮಹಡಿ 3,200 ಮಿಲಿಮೀಟರ್, ಹೀಗೆ. ಇದನ್ನು ಹಾರಿಸಿ ನೇರ ಗೋಡೆಗೆ ಕೈಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಗೋಡೆಯ ಎತ್ತರದ ಜಾಗದಲ್ಲಿ 3,200 ಎಂದು ಒತ್ತಿದರೂ ಕೆಲಸ ನಡೆಯುತ್ತದೆ. ‘ಮೊದಲ ಮಹಡಿಯ ಮಟ್ಟದವರೆಗೆ’ ಎಂದು ಕಟ್ಟಿದರೂ ನಡೆಯುತ್ತದೆ. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಮನೆಯವರು ಇನ್ನರ್ಧ ಅಡಿ ಎತ್ತರ ಇರಲಿ ಎಂದ ದಿನ ಗೊತ್ತಾಗುತ್ತದೆ: ಎರಡನೆಯ ಬಗೆಯ ಗೋಡೆಗಳು ಮಟ್ಟದ ಜೊತೆ ತಾವೇ ಬೆಳೆಯುತ್ತವೆ, ಮೊದಲ ಬಗೆಯವು ಮೋಲ್ಡಿನ ಅಡಿ ಆರು ಇಂಚು ಸಂದು ಬಿಟ್ಟು ನಿಲ್ಲುತ್ತವೆ. ಸಂಖ್ಯೆ ಕೊಡುವುದಕ್ಕಿಂತ ಸಂಬಂಧ ಹೇಳುವುದು ಮೇಲು. ಸದರ್‌ಲ್ಯಾಂಡ್ ಮಾಡಿದ್ದೂ ಇದನ್ನೇ.

ಇನ್ನು ಗೋಡೆಗೆ ಬಾಗಿಲು, ಕಿಟಕಿ ಇಡುವ ವಿಷಯ. ಬಾಗಿಲನ್ನು ಎಳೆದು ತಂದರೆ ಗೋಡೆ ತಾನೇ ಜಾಗ ಬಿಟ್ಟುಕೊಡುತ್ತದೆ. ಒಳಗೆ ನಡೆಯುವುದು ಘನದಿಂದ (ಗಟ್ಟಿ ಆಕೃತಿಯಿಂದ) ಘನದ ವ್ಯವಕಲನ: ಗೋಡೆಯ ಘನ, ಅದರಿಂದ ಬಾಗಿಲಿನಷ್ಟು ಅಗಲ–ಎತ್ತರದ ಇನ್ನೊಂದು ಘನವನ್ನು ಕಳೆ. ಉಳಿದದ್ದು ಸರಿಯಾದ ಘನವೇ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಲು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್‌ನ ಒಂದು ಎಣಿಕೆ ಇದೆ. ಶೃಂಗಗಳ (ಮೂಲೆಗಳ) ಸಂಖ್ಯೆಯಿಂದ ಅಂಚುಗಳ ಸಂಖ್ಯೆ ಕಳೆದು ಮುಖಗಳ ಸಂಖ್ಯೆ ಕೂಡಿಸಿ. ಬರೀ ಗೋಡೆಗೆ 8 − 12 + 6, ಅಂದರೆ 2. ನೆಲದವರೆಗೆ ಬಾಗಿಲು ಕಡಿದ ಮೇಲೆ 16 − 24 + 10, ಮತ್ತೆ 2. ಕಿಟಕಿ ಕಡಿದರೆ? ಅದೂ 16 − 24 + 10. ಆದರೆ ಕಿಟಕಿ ಇರುವ ಗೋಡೆಯ ಮುಂದಿನ ಮತ್ತು ಹಿಂದಿನ ಮುಖಗಳಲ್ಲಿ ತಲಾ ಒಂದು ಒಳ ಆವರಣ (ಮುಖದ ಹೊರ ಅಂಚನ್ನು ಮುಟ್ಟದೆ ಕಿಟಕಿಯನ್ನು ಸುತ್ತುವ ಗೆರೆ) ಹುಟ್ಟಿದೆ; ಅವೆರಡನ್ನು ಕಳೆದರೆ ಉತ್ತರ ಸೊನ್ನೆ. ಎರಡು ಹೋಗಿ ಸೊನ್ನೆ ಬಂದರೆ ಆ ಘನದಲ್ಲಿ ಆರಪಾರ ಒಂದು ತೂತಿದೆ ಎಂದರ್ಥ. ಹಾಗಾಗಿ ಗಣಿತದ ಲೆಕ್ಕದಲ್ಲಿ ಕಿಟಕಿ ತೂತು, ಬಾಗಿಲು ತೂತಲ್ಲ, ಗೋಡೆಯ ಅಂಚಿನಲ್ಲಿ ಬಿಟ್ಟ ಕಚ್ಚು ಮಾತ್ರ. ಹೊಸಿಲನ್ನೂ ಗೋಡೆಯ ಭಾಗವೆಂದು ಸೇರಿಸಿದಿರೋ, ಬಾಗಿಲೂ ತೂತಾಗುತ್ತದೆ! ಘನ ಆಕೃತಿಗಳ ತಂತ್ರಾಂಶಗಳು ಇಂಥ ಲೆಕ್ಕದ ತಳಹದಿಯ ಮೇಲೆಯೇ ಬೆಳೆದಿವೆ.

ಇದು ಬರೀ ಚಮತ್ಕಾರವಲ್ಲ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆ ಎಂದರೆ 2.4 ಘನಮೀಟರ್. ಗಾರೆ ಸೇರಿಸಿ 20 × 10 × 10 ಸೆಂಟಿಮೀಟರ್ ಜಾಗ ಹಿಡಿಯುವ ಮಾಡ್ಯುಲರ್ ಇಟ್ಟಿಗೆ ಘನಮೀಟರಿಗೆ 500 ಬೇಕು, ಒಟ್ಟು 1,200. ಅದರಲ್ಲಿ 90 ಸೆಂಟಿಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು ಇಟ್ಟ ಕೂಡಲೇ 189 ಇಟ್ಟಿಗೆ ಕಡಿಮೆ. ಬಾಗಿಲನ್ನು ಪಕ್ಕದ ಗೋಡೆಗೆ ಸರಿಸಿ, ಎರಡೂ ಗೋಡೆಗಳ ಲೆಕ್ಕ ಅಲ್ಲೇ ತಿದ್ದಿಕೊಳ್ಳುತ್ತದೆ. 2000ದಲ್ಲೇ ಬಂದ ಸ್ಕೆಚ್‌ಅಪ್‌ನಲ್ಲಿ ಮುಖವನ್ನು ಹಿಡಿದೆಳೆದು ಮನೆ ಎಬ್ಬಿಸುವುದು ಬಲು ಸೊಗಸು, ಆಕಾರದ ಕಲ್ಪನೆ ಬರಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಎಬ್ಬಿಸಿದ ಗೋಡೆ ಟೊಳ್ಳು. ತಾನು ಗೋಡೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ, ನಾವು ಬೇರೆಯಾಗಿ ಹೇಳಿಕೊಡಬೇಕು.

ತಂತ್ರಾಂಶದ ಹಟ ಪೂರ್ತಿ ಕಾಣುವುದು ಮೆಟ್ಟಿಲಿನಲ್ಲಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ, ಅಂದರೆ ಏರು, 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಅಗಲ 250ಕ್ಕಿಂತ ಕಡಿಮೆಯಾಗಬಾರದು. ನೆಲದಿಂದ ಮೇಲಿನ ನೆಲಕ್ಕೆ ಹತ್ತು ಅಡಿ, ಅಂದರೆ 3,048 ಮಿಲಿಮೀಟರ್ ಇದೆ ಎನ್ನಿ. ಹದಿನಾರು ಏರಿಗೆ 3,040 ಮಾತ್ರ ಆಗುತ್ತದೆ. ಎಂಟು ಮಿಲಿಮೀಟರ್ ಕಡಿಮೆ! ಮೇಸ್ತ್ರಿಯಾದರೆ ಅದನ್ನು ನೆಲದ ಗಾರೆಯಲ್ಲಿ ನುಂಗಿಸಿ ಮುಂದೆ ಹೋಗುತ್ತಾನೆ, ಅದರಲ್ಲಿ ತಪ್ಪೂ ಇಲ್ಲ. 190ರ ಮಿತಿ ಹಾಕಿಟ್ಟ ತಂತ್ರಾಂಶ ಮಾತ್ರ ಹದಿನೇಳು ಏರು ಕೇಳುತ್ತದೆ. ಆಗ ನಡುವೆ ಕಾಲಿಡುವ ಹದಿನಾರು ಮೆಟ್ಟಿಲು (ಕೊನೆಯ ಏರು ಮೇಲಿನ ನೆಲಕ್ಕೇ ಸೇರುತ್ತದೆ), ನೆಲದಳತೆಯಲ್ಲಿ ಒಟ್ಟು ನಾಲ್ಕು ಮೀಟರ್ ಓಟ. ಎತ್ತರವನ್ನು ಹನ್ನೊಂದು ಅಡಿ ಮಾಡಿದರೆ ಹದಿನೆಂಟು ಏರು, ಓಟ ನಾಲ್ಕೂಕಾಲು ಮೀಟರ್. ಸೈಟಿನ ಅಗಲವೇ ಒಂಬತ್ತು ಮೀಟರ್ ಚಿಲ್ಲರೆ ಇರುವಾಗ, ಮೇಲೆ ಒಂದು ಅಡಿ ಏರಿಸಿದ್ದಕ್ಕೆ ಕೆಳಗೆ ಹತ್ತು ಇಂಚು ತೆರಬೇಕು ಎಂಬುದು ಕಟ್ಟುವ ಮೊದಲೇ ತಿಳಿಯುವುದು ಸಣ್ಣ ಲಾಭವಲ್ಲ.

ಸರ್ವೆಯವರು ಕೊಟ್ಟ ಕಡತವನ್ನು ಮಾದರಿಯೊಳಗೆ ತರುವಾಗ ಒಂದು ಎಚ್ಚರಿಕೆ ಬೇಕು. ಅದರ ಅಂಕಗಳು ಸಾಮಾನ್ಯವಾಗಿ ಯುಟಿಎಂ ಎಂಬ, ಭೂಮಿಯ ಮೇಲಿನ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಪದ್ಧತಿಯಲ್ಲಿ, ಸಮಭಾಜಕ ವೃತ್ತದಿಂದ ಎಣಿಸಿ ಬಂದಿರುತ್ತವೆ. ಬೆಂಗಳೂರಿನ ಒಂದು ಬಿಂದು ಅಲ್ಲಿಂದ 14 ಲಕ್ಷ ಮೀಟರ್‌ಗೂ ಹೆಚ್ಚು ದೂರ. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಬಹುಮಟ್ಟಿಗೆ 32 ಬಿಟ್‌ನ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತದೆ. ಅಷ್ಟು ದೊಡ್ಡ ಸಂಖ್ಯೆಯ ಬಳಿ ಅದಕ್ಕೆ ಗುರುತಿಸಲು ಆಗುವ ಅತಿ ಚಿಕ್ಕ ಅಂತರ ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಇಟ್ಟಿಗೆಗಿಂತ ಹೆಚ್ಚು. ಗೆರೆಗಳು ನಡುಗುತ್ತವೆ, ಮೂಲೆಗಳು ಕೂಡುವುದಿಲ್ಲ. ಸೈಟಿನ ಒಂದು ಮೂಲೆಯನ್ನೇ ಸೊನ್ನೆ ಎಂದು ಇಟ್ಟುಕೊಂಡು, ಎಷ್ಟು ಸರಿಸಿದೆವು ಎಂಬುದನ್ನು ಬರೆದಿಟ್ಟುಕೊಂಡರೆ ಈ ಕಾಟವೇ ಇಲ್ಲ.

ದುಬಾರಿ ಪರವಾನಗಿಗೆ ಹೆದರಿ ಕಲಿಕೆಯನ್ನು ಮುಂದೂಡಬೇಕಿಲ್ಲ. ಫ್ರೀಕ್ಯಾಡ್ ಉಚಿತ, ಮುಕ್ತ ತಂತ್ರಾಂಶ. ಅದರ ಬಿಮ್ ವಿಭಾಗದಲ್ಲಿ ಮೇಲೆ ಹೇಳಿದ ಪಾಠಗಳನ್ನೆಲ್ಲ ಮಾಡಿ ನೋಡಬಹುದು. ಕಡತವನ್ನು ಐಎಫ್‌ಸಿ ಎಂಬ, ಬೇರೆ ಬೇರೆ ಬಿಮ್ ತಂತ್ರಾಂಶಗಳು ಹಂಚಿಕೊಳ್ಳುವ ರೂಪದಲ್ಲಿ ಉಳಿಸಿದರೆ ರೆವಿಟ್, ಆರ್ಕಿಕ್ಯಾಡ್‌ಗಳೂ ಓದುತ್ತವೆ.

ಮೊದಲ ಮಾದರಿಗೆ ನಿಮ್ಮದೇ ಮನೆಯ ಒಂದು ಕೋಣೆ ಸಾಕು. ಬಾಗಿಲ ಹಿಡಿಕೆ, ಸ್ವಿಚ್ಚು, ಕಿಟಕಿಯ ಕಂಬಿಗಳ ಗೊಡವೆ ಬೇಡ. ಟೇಪು ಹಿಡಿದು ನಾಲ್ಕು ಗೋಡೆ ಅಳೆಯಿರಿ, ಗೋಡೆಯ ದಪ್ಪವನ್ನು ಬಾಗಿಲ ಬಳಿ ನೋಡಿ, ಜೊತೆಗೆ ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣವನ್ನೂ ಅಳೆಯಿರಿ. ನಾಲ್ಕು ಬದಿಗಳ ಉದ್ದವಷ್ಟೇ ಗೊತ್ತಿದ್ದರೆ ಕೋಣೆಯ ಆಕಾರ ನಿಶ್ಚಯವಾಗುವುದಿಲ್ಲ, ಅದೇ ಅಳತೆಗೆ ವಾಲಿದ ಕೋಣೆಗಳೂ ಎಷ್ಟೋ ಕೂಡುತ್ತವೆ. ಒಂದು ಕರ್ಣ ಸಿಕ್ಕರೆ ಅದು ಎರಡು ತ್ರಿಕೋನವಾಗಿ ಒಡೆಯುತ್ತದೆ, ತ್ರಿಕೋನಕ್ಕೆ ವಾಲಲು ಬರುವುದಿಲ್ಲ. ಹತ್ತು–ಹನ್ನೆರಡರ ಕೋಣೆಯಾದರೆ ಕರ್ಣ ಹದಿನೈದು ಅಡಿ ಏಳೂವರೆ ಇಂಚಿನ ಹತ್ತಿರ ಬರಬೇಕು. ಇಂಚು, ಎರಡಿಂಚು ಆಚೀಚೆ ಬಂದರೆ ಟೇಪನ್ನು ಬೈಯಬೇಡಿ, ಗೋಡೆಯನ್ನು ಇದ್ದ ಹಾಗೆಯೇ ಎಬ್ಬಿಸಿ.