ಅನಿತಾ ಮುಯಿ ಕೊನೆಯ ಹಾಡಿಗೆ ಮದುಮಗಳಾಗಿ ಬಂದದ್ದೇಕೆ?

ಓದುಗರ ಪ್ರಶ್ನೆ: ಹಾಂಗ್‌ಕಾಂಗ್‌ನ ಗಾಯಕಿ ಅನಿತಾ ಮುಯಿ ಅವರ ಕೊನೆಯ ಕಾರ್ಯಕ್ರಮದ ವಿಡಿಯೊ ನೋಡಿದೆ. ಮುಸುಕು ಹೊದ್ದು, ಮದುವೆಯ ಬಿಳಿ ಗೌನು ತೊಟ್ಟು ಹಾಡುತ್ತಾರೆ. ಅವರಿಗೆ ಮದುವೆಯೇ ಆಗಿರಲಿಲ್ಲವಂತೆ. ಹಾಗಿದ್ದರೆ ಆ ಉಡುಗೆ ಏಕೆ?

ಅದಕ್ಕೆ ಉತ್ತರವನ್ನು ಅವರೇ ಅಂದು ವೇದಿಕೆಯ ಮೇಲೆ ಕೊಟ್ಟಿದ್ದಾರೆ. ಮದುವೆಯ ಉಡುಗೆ ತೊಡಬೇಕೆಂಬ ಆಸೆ ತಮಗೂ ಇತ್ತು, ಆ ಕಾಲ ಮೀರಿಹೋಯಿತು, ಆದ್ದರಿಂದ ವೇದಿಕೆಯನ್ನೇ ವರಿಸುತ್ತಿದ್ದೇನೆ ಎಂಬ ಅರ್ಥದ ಮಾತು ಅದು. ಅದು 2003ರ ನವೆಂಬರ್. ಗರ್ಭಕಂಠದ ಕ್ಯಾನ್ಸರ್ ಇರುವುದನ್ನು ಸೆಪ್ಟೆಂಬರ್ 5ರಂದು ಪತ್ರಿಕೆಯವರನ್ನು ಕರೆದು ತಾವೇ ತಿಳಿಸಿದ್ದರು. ಆಮೇಲೆ ಎಂಟು ರಾತ್ರಿ ಹಾಡಿದರು. ಕೊನೆಯದು ನವೆಂಬರ್ 15. ಅದಾದ ನಲವತ್ತೈದನೆಯ ದಿನ, ಡಿಸೆಂಬರ್ 30ರಂದು, ತೀರಿಕೊಂಡರು. ವಯಸ್ಸು ಬರೀ ನಲವತ್ತು.

ಆದರೆ ವೇದಿಕೆಯನ್ನು ವರಿಸುತ್ತೇನೆ ಎಂದು ಯಾವ ಕಲಾವಿದರೂ ಹೇಳಬಹುದು. ಮುಯಿ ಹೇಳಿದಾಗ ಇಡೀ ಊರು ಏಕೆ ಅತ್ತಿತು ಎಂದು ತಿಳಿಯಲು ಅವರ ಬಾಲ್ಯಕ್ಕೆ ಹೋಗಬೇಕು.

ಹುಟ್ಟಿದ್ದು 1963ರಲ್ಲಿ, ಬಡ ಮನೆಯಲ್ಲಿ, ನಾಲ್ಕು ಮಕ್ಕಳಲ್ಲಿ ಕಿರಿಯಳಾಗಿ. ತಂದೆ ಬೇಗನೆ ತೀರಿಕೊಂಡರು. ಬೇರೆ ಮನೆಗಳ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ ಈ ಹುಡುಗಿ ಅಕ್ಕ ಆನ್ ಜೊತೆ ಲೈ ಚಿ ಕೋಕ್ ಮನರಂಜನಾ ಉದ್ಯಾನದ ವೇದಿಕೆ ಹತ್ತಿದಳು. ಹಗಲು ಶಾಲೆ, ರಾತ್ರಿ ಹಾಡು. ಸ್ವಲ್ಪ ದೊಡ್ಡವಳಾದ ಮೇಲೆ ನೈಟ್‌ಕ್ಲಬ್ಬುಗಳು. ಕಲೆಯ ಹುಚ್ಚು ಹಿಡಿಯುವ ಮೊದಲೇ ಹೊಟ್ಟೆಪಾಡು ಹಾಡಿಸಿತ್ತು. 1982ರಲ್ಲಿ ಟಿವಿಬಿ ವಾಹಿನಿ ಮೊದಲ ಬಾರಿಗೆ ನಡೆಸಿದ ಹೊಸ ಗಾಯಕರ ಸ್ಪರ್ಧೆಯಲ್ಲಿ ಗೆದ್ದಾಗ ಪತ್ರಿಕೆಗಳಿಗೆ ಆಕೆ ಹೊಸ ಮುಖ. ವೇದಿಕೆಗೆ ಮಾತ್ರ ಹದಿನೈದು ವರ್ಷ ಹಳಬಳು.

ಧ್ವನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹೆಣ್ಣುಧ್ವನಿಗಳಲ್ಲಿ ತೀರಾ ತಗ್ಗಿನದು, ಮಂದ್ರದಲ್ಲಿ ತುಂಬಿಕೊಳ್ಳುವಂಥದ್ದು. ಕೇಳಿದವರು ಮರೆಯುವುದು ಕಷ್ಟ. ಆ ಧ್ವನಿಗೆ ತಕ್ಕ ರೂಪಗಳನ್ನು ಕಟ್ಟಿಕೊಟ್ಟವರು ವಸ್ತ್ರವಿನ್ಯಾಸಕ ಎಡ್ಡಿ ಲಾವ್. ಒಂದು ಆಲ್ಬಮ್ಮಿಗೆ ಗಂಡಸಿನ ಸೂಟು, ಇನ್ನೊಂದಕ್ಕೆ ಬೇರೆಯೇ ವೇಷ. ನೂರು ರೂಪದವಳು ಎಂಬ ಹೆಸರೇ ಬಿದ್ದುಹೋಯಿತು. 1985ರ ‘ಬ್ಯಾಡ್ ಗರ್ಲ್’ ಆಲ್ಬಂ ಹಾಂಗ್‌ಕಾಂಗ್‌ನಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಶೀರ್ಷಿಕೆ ಗೀತೆಯ ಧಾಟಿ ಸ್ಕಾಟ್ಲೆಂಡಿನ ಶೀನಾ ಈಸ್ಟನ್ ಅವರ ಹಾಡಿನದು. ಆದರೆ ತನ್ನ ಆಸೆಯನ್ನು ಮುಚ್ಚಿಡದ ಹೆಣ್ಣಿನ ದನಿ ಕ್ಯಾಂಟನೀಸ್ ಹಾಡಿನಲ್ಲಿ ಅಷ್ಟು ನೇರವಾಗಿ ಕೇಳಿಸಿದ್ದು ದೊಡ್ಡ ಸುದ್ದಿ. ಕೆಲವೇ ವರ್ಷಗಳಲ್ಲಿ ಹಾಂಗ್‌ಕಾಂಗ್ ಕೊಲಿಸಿಯಂನಲ್ಲಿ ಸಾಲಾಗಿ 28 ರಾತ್ರಿ ಹಾಡಿದರು. ಅದು ಸುಮಾರು 12,500 ಜನ ಕೂರುವ ಒಳಾಂಗಣ. 1990ರಲ್ಲಿ 30 ರಾತ್ರಿ. ಅದೇ ವರ್ಷ, ಇನ್ನು ಸ್ಪರ್ಧೆಯ ಪ್ರಶಸ್ತಿಗಳನ್ನು ಸ್ವೀಕರಿಸುವುದಿಲ್ಲ, ಹೊಸಬರಿಗೆ ಜಾಗ ಬಿಡುತ್ತೇನೆ ಎಂದುಬಿಟ್ಟರು. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಸಿನಿಮಾದಲ್ಲಿ ಜಾಕಿ ಚಾನ್ ಜೊತೆ ನಗಿಸಿದ್ದಾರೆ, ‘ಹೀರೋಯಿಕ್ ಟ್ರಿಯೊ’ದಲ್ಲಿ ಹೊಡೆದಾಡಿದ್ದಾರೆ. ಇವೆಲ್ಲ ಇರಲಿ. ಒಂದೇ ಒಂದನ್ನು ನೋಡುವಿರಾದರೆ ಸ್ಟ್ಯಾನ್ಲಿ ಕ್ವಾನ್ ನಿರ್ದೇಶನದ ‘ರೂಜ್’ ನೋಡಿ. 1930ರ ದಶಕದ ವೇಶ್ಯೆಯೊಬ್ಬಳು ಪ್ರಿಯನೊಂದಿಗೆ ಅಫೀಮು ನುಂಗಿ ಸಾಯುತ್ತಾಳೆ. ಅರ್ಧ ಶತಮಾನ ಕಳೆದರೂ ಅವನು ಆ ಲೋಕಕ್ಕೆ ಬರದಿದ್ದಾಗ, ಅವನನ್ನು ಹುಡುಕಿಕೊಂಡು ಎಂಬತ್ತರ ದಶಕದ ಹಾಂಗ್‌ಕಾಂಗ್‌ಗೆ ಮರಳುತ್ತಾಳೆ. ಹಳೆಯ ಬೀದಿಗಳು ಅಲ್ಲಿಲ್ಲ. ಅವನು ಬದುಕಿ ಉಳಿದು ಮುದುಕನಾಗಿದ್ದಾನೆ. ಮುಯಿ ಇಲ್ಲಿ ಗೋಳಾಡುವುದಿಲ್ಲ, ದನಿ ಏರಿಸುವುದಿಲ್ಲ, ಕಾಯುತ್ತಾರೆ ಅಷ್ಟೇ. ಆ ಕಾಯುವಿಕೆಗೇ ತೈವಾನಿನ ಗೋಲ್ಡನ್ ಹಾರ್ಸ್ ಅತ್ಯುತ್ತಮ ನಟಿ ಪ್ರಶಸ್ತಿಯೂ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಯೂ ಬಂದವು. ಪ್ರಿಯನ ಪಾತ್ರ ಮಾಡಿದವರು ಅವರ ಆಪ್ತ ಗೆಳೆಯ ಲೆಸ್ಲಿ ಚುಂಗ್.

ಈಗ 2003ಕ್ಕೆ ಬರೋಣ. ಅದು ಹಾಂಗ್‌ಕಾಂಗ್‌ನ ಕೆಟ್ಟ ವರ್ಷ. ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗಕ್ಕೆ 299 ಜನ ಬಲಿಯಾದರು. ಏಪ್ರಿಲ್ 1ರಂದು ಲೆಸ್ಲಿ ಚುಂಗ್ ಆತ್ಮಹತ್ಯೆ ಮಾಡಿಕೊಂಡರು. ಮೂರು ವರ್ಷದ ಹಿಂದೆ, 2000ದಲ್ಲಿ, ಅಕ್ಕ ಆನ್ ಕೂಡ ಇದೇ ಗರ್ಭಕಂಠದ ಕ್ಯಾನ್ಸರಿನಿಂದಲೇ ಹೋಗಿದ್ದರು. ಇಷ್ಟರ ನಡುವೆ ಮುಯಿ ಮೇ ತಿಂಗಳಲ್ಲಿ ಕಲಾವಿದರನ್ನೆಲ್ಲ ಒಟ್ಟುಗೂಡಿಸಿ ಸಾರ್ಸ್ ಸಂತ್ರಸ್ತರ ಕುಟುಂಬಗಳಿಗಾಗಿ ದೊಡ್ಡ ಕಾರ್ಯಕ್ರಮ ನಡೆಸಿದರು. ಅದರ ಹೆಸರು ‘1:99’. ಒಂದು ಪಾಲು ಬ್ಲೀಚಿಗೆ ತೊಂಬತ್ತೊಂಬತ್ತು ಪಾಲು ನೀರು, ಅಂದರೆ ಆಗ ಮನೆಮನೆಯಲ್ಲೂ ನೆಲ ಒರೆಸಲು ಬೆರೆಸುತ್ತಿದ್ದ ಅಳತೆ. ಹಾಂಗ್‌ಕಾಂಗ್‌ನ ಮಗಳು ಎಂದು ಜನ ಅವರನ್ನು ಕರೆಯುವುದು ಬರೀ ಹಾಡಿಗಾಗಿ ಅಲ್ಲ ಎನ್ನುವುದು ಇಂಥಲ್ಲಿ ಅರ್ಥವಾಗುತ್ತದೆ. 1989ರಲ್ಲಿ ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಪ್ರತಿಭಟಿಸಿದ ವಿದ್ಯಾರ್ಥಿಗಳ ಪರವಾಗಿಯೂ ಹೀಗೆಯೇ ಬಹಿರಂಗವಾಗಿ ನಿಂತಿದ್ದರು.

ನೀವು ನೋಡಿದ ವಿಡಿಯೊದಲ್ಲಿ ಅವರು ಹಾಡುವುದು ‘ಸೂರ್ಯಾಸ್ತದ ಗೀತೆ’. ಧಾಟಿ ಜಪಾನಿನ ಗಾಯಕ ಮಸಾಹಿಕೊ ಕೊಂಡೊ ಅವರ ಹಾಡಿನದು. ಮುಯಿ ಅದನ್ನು ಕ್ಯಾಂಟನೀಸಿನಲ್ಲಿ ಮೊದಲು ಹಾಡಿದ್ದು 1989ರಲ್ಲಿ, ‘ಎ ಬೆಟರ್ ಟುಮಾರೊ’ ಸರಣಿಯ ಮೂರನೆಯ ಸಿನಿಮಾಕ್ಕಾಗಿ. ಅಂದಿನ ಧ್ವನಿಮುದ್ರಣವನ್ನೂ 2003ರದನ್ನೂ ಒಂದಾದ ಮೇಲೊಂದು ಕೇಳಿ. ಮೊದಲನೆಯದರಲ್ಲಿ ಇಪ್ಪತ್ತೈದರ ಹುಡುಗಿ ಇಳಿಹೊತ್ತನ್ನು ಊಹಿಸಿಕೊಂಡು ಹಾಡುತ್ತಾಳೆ. ಎರಡನೆಯದರಲ್ಲಿ ಉಸಿರು ಸಾಲದ ಕಡೆ ಸಾಲುಗಳು ತುಸು ಒರಟಾಗುತ್ತವೆ. ನನಗೆ ಆ ಒರಟೇ ಹೆಚ್ಚು ಪ್ರಿಯ.

ಅವರ ವಿನ್ಯಾಸಕ ಎಡ್ಡಿ ಲಾವ್ ವರ್ಷಗಟ್ಟಲೆ ಅವರಿಗೆ ಬಗೆಬಗೆಯ ವೇಷಗಳನ್ನು ಹೊಲಿಸಿದ್ದರು. ಆ ಗೌನು ಕೂಡ ಅವರ ಕೈಯದೇ. ಹಾಡು ಮುಗಿದ ಮೇಲೆ ಗಮನವಿಟ್ಟು ನೋಡಿ. ಮುಯಿ ಸಭಿಕರಿಗೆ ಬೆನ್ನು ಮಾಡಿ, ನೆಲ ಗುಡಿಸುವ ಉದ್ದನೆಯ ಮುಸುಕನ್ನು ಎಳೆದುಕೊಂಡು, ಒಬ್ಬರೇ ಮೆಟ್ಟಿಲು ಹತ್ತುತ್ತಾರೆ. ಮೇಲೆ ಹೋಗಿ ಒಮ್ಮೆ ತಿರುಗಿ, ಬೈ ಬೈ ಎನ್ನುತ್ತಾರೆ.