ನಮ್ಮ ಸಂಘದಿಂದ ಗಡಿಯ ಸೈನಿಕರಿಗೆ ತಿಂಡಿ ಡಬ್ಬಿ ಕಳಿಸಬಹುದಾ?

ಪ್ರಶ್ನೆ: ನಮ್ಮೂರಿನ ಮಹಿಳಾ ಸಂಘ ಮತ್ತು ಯುವಕ ಮಂಡಳ ಸೇರಿ ಈ ದೀಪಾವಳಿಗೆ ಗಡಿಯಲ್ಲಿರುವ ಸೈನಿಕರಿಗೆ ತಿಂಡಿ, ಸ್ವೆಟರ್, ಮಕ್ಕಳು ಬರೆದ ಪತ್ರ ಎಲ್ಲ ಕಳಿಸಬೇಕು ಅಂತಿದ್ದೇವೆ. ಯಾವ ವಿಳಾಸಕ್ಕೆ ಕಳಿಸಬೇಕು? ನಿಜವಾಗಿ ಅವರ ಕೈಗೆ ತಲುಪುತ್ತದಾ?

ಉತ್ತರ: ಈ ಪ್ರಶ್ನೆ ಆಗಸ್ಟ್ 15ರ ಆಸುಪಾಸು ಒಮ್ಮೆ, ದೀಪಾವಳಿ ಹತ್ತಿರ ಬಂದಾಗ ಇನ್ನೊಮ್ಮೆ ಬಂದೇ ಬರುತ್ತದೆ. ಗಡಿಯಲ್ಲಿ ಗಲಾಟೆ ಆದ ವರ್ಷ ಇನ್ನೂ ಜಾಸ್ತಿ. ಕೇಳುವವರು ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ: ವಿಳಾಸ. "ನಮ್ಮ ವೀರ ಜವಾನರಿಗೆ, ಸಿಯಾಚಿನ್" ಎಂದು ಬರೆದು ಅಂಚೆ ಕಚೇರಿಗೆ ಕೊಟ್ಟರೆ ಸಾಕು ಎಂದುಕೊಂಡವರು ಬಹಳ ಜನ. ಸಾಲದು. ಪಾರ್ಸೆಲ್ ಖಂಡಿತ ಹೋಗುತ್ತದೆ, ಆದರೆ ಅದರ ಮೇಲೆ ಒಬ್ಬ ಮನುಷ್ಯನ ಹೆಸರು ಇರಬೇಕು.

ಸೇನೆಗೆ ತನ್ನದೇ ಅಂಚೆ ಇದೆ. ಆರ್ಮಿ ಪೋಸ್ಟಲ್ ಸರ್ವಿಸ್ ಎಂದು ಹೆಸರು. ಪ್ರತ್ಯೇಕ ದಳವಾಗಿ ನಿಂತದ್ದು 1972ರ ಮಾರ್ಚ್ 1ರಂದು. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಊರಿನ ಅಂಚೆ ಇಲಾಖೆಯಿಂದಲೇ ಡೆಪ್ಯುಟೇಶನ್ ಮೇಲೆ ಹೋದವರು. ನಾಗಪುರದ ಹತ್ತಿರದ ಕಾಮ್ಟಿಯಲ್ಲಿ ತರಬೇತಿ ಪಡೆದು, ಸಮವಸ್ತ್ರ ಹಾಕಿಕೊಂಡು ಕೆಲವು ವರ್ಷ ಸೈನ್ಯದ ಟಪಾಲು ವಿಂಗಡಿಸಿ ಮತ್ತೆ ಊರಿಗೆ ಬರುತ್ತಾರೆ. ಹಾಗಾಗಿ ಮೊದಲ ಸಲಹೆ: ನಿಮ್ಮ ತಾಲ್ಲೂಕಿನ ಹೆಡ್ ಪೋಸ್ಟಾಫೀಸಿನಲ್ಲಿ "ಇಲ್ಲಿ ಯಾರಾದರೂ ಎಪಿಎಸ್‌ಗೆ ಹೋಗಿ ಬಂದವರಿದ್ದಾರಾ?" ಎಂದು ವಿಚಾರಿಸಿ. ಅಂಥವರೊಬ್ಬರು ಸಿಕ್ಕರೆ ಈ ಉತ್ತರದ ಅರ್ಧ ಭಾಗ ಅವರೇ ಹೇಳುತ್ತಾರೆ.

ಸೈನಿಕರ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ. ಸೇವಾ ಸಂಖ್ಯೆ, ಹುದ್ದೆ, ಹೆಸರು, ಕಂಪನಿ, ಯೂನಿಟ್, ಆಮೇಲೆ "ಕೇರ್ ಆಫ್ 56 ಎಪಿಒ" ಅಥವಾ "99 ಎಪಿಒ" (ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್). ಕೊನೆಗೆ 9ರಿಂದ ಶುರುವಾಗುವ ಪಿನ್ ಕೋಡ್. ನಮ್ಮ ಪಿನ್‌ಗಳಲ್ಲಿ ಮೊದಲ ಅಂಕಿ 5 ಇದ್ದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ ಎಂದು ತಿಳಿಯುತ್ತದೆ ಅಲ್ವಾ, ಹಾಗೆ 9 ಎಂದರೆ ಸೈನ್ಯದ ಅಂಚೆ. 56 ಎಪಿಒ ಟಪಾಲು ದೆಹಲಿಯ ಕೇಂದ್ರಕ್ಕೆ ಹೋಗುತ್ತದೆ, 99ರದ್ದು ಕೋಲ್ಕತ್ತಾಕ್ಕೆ. ಯಾವ ಯೂನಿಟ್ ಈಗ ಎಲ್ಲಿದೆ ಎಂಬುದು ಅಲ್ಲಿನವರಿಗೆ ಗೊತ್ತು. ಯೂನಿಟ್ ಜಾಗ ಬದಲಿಸಿದರೂ ನೀವು ಬರೆಯುವ ವಿಳಾಸದಲ್ಲಿ ಜಾಗದ ಸುಳಿವು ಸಿಗಬಾರದು, ಅದಕ್ಕೇ ಈ ಏರ್ಪಾಡು. ಪ್ರೀತಿ ಹೆಚ್ಚಾಗಿ "56 ಎಪಿಒ" ಪಕ್ಕದಲ್ಲಿ "ಲೇಹ್" ಎಂದೋ "ಕುಪ್ವಾರಾ" ಎಂದೋ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ.

ಹಾಗಾದರೆ ಹೆಸರು ಎಲ್ಲಿಂದ ತರುವುದು? ಇಲ್ಲಿ ಸಂಘದವರು ಸುಮ್ನೆ ದೂರ ನೋಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲೇ ಮಿಲಿಟ್ರಿಯಲ್ಲಿರುವ ಹುಡುಗರು ಎಷ್ಟು ಜನ ಇಲ್ಲ! ಅವರ ಮನೆಗೆ ಹೋಗಿ. ಅವ್ವ ಅಪ್ಪನಿಗೋ ಹೆಂಡತಿಗೋ ಮಗನ ವಿಳಾಸ ಬಾಯಿಪಾಠ ಇರುತ್ತದೆ. ಅವರು ಅವನನ್ನು ಕೇಳಿ, ಸರಿ ಎಂದ ಮೇಲೆ ಕೊಡಲಿ. ಮಾಜಿ ಸೈನಿಕರ ಸಂಘ ಇದ್ದರೆ ಕೆಲಸ ಇನ್ನೂ ಸಲೀಸು. ಒಬ್ಬನ ಹೆಸರಿಗೆ ಕಳಿಸಿದರೆ ಉಳಿದವರಿಗೆ ಅನ್ಯಾಯ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪಲ್ಟನ್ನಿನಲ್ಲಿ ಮನೆಯಿಂದ ಬಂದ ಡಬ್ಬಿಯನ್ನು ಒಬ್ಬನೇ ಕೂತು ತಿನ್ನುವುದು ಆಗದ ಮಾತು. ಮುಚ್ಚಳ ತೆಗೆದರೆ ಅದು ಎಲ್ಲರದ್ದು. ಹಾಗಾಗಿ ಹತ್ತು ಹುಡುಗರ ಹೆಸರಿಗೆ ಹತ್ತು ಡಬ್ಬಿ ಕಳಿಸಿದರೆ ಅವರ ಜೊತೆಗಿರುವ ಪಂಜಾಬಿ, ಗಢ್ವಾಲಿ, ತಮಿಳು ಹುಡುಗರ ಬಾಯಿಗೂ ಅದು ಬಿದ್ದೇ ಬೀಳುತ್ತದೆ.

ಹೆಸರಿಲ್ಲದ ಪಾರ್ಸೆಲ್ ಬಗ್ಗೆ ಯಾಕಿಷ್ಟು ಬಿಗಿ ಎಂದರೆ, ಕಾರಣ ಭದ್ರತೆ. ಅಮೆರಿಕದಲ್ಲಿ ಹಿಂದೆ "ಯಾವುದೇ ಸೈನಿಕನಿಗೆ" ಎಂದು ಬರೆದು ಕಳಿಸುವ ಪದ್ಧತಿ ಇತ್ತು. 2001ರ ಶರತ್ಕಾಲದಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗಾಣುವಿನ ಪುಡಿ ಬಂದ ಮೇಲೆ ಅಲ್ಲಿಯೂ ಅದನ್ನು ನಿಲ್ಲಿಸಿದರು. ಕಳಿಸಿದವರು ಯಾರು, ತೆಗೆದುಕೊಳ್ಳುವವರು ಯಾರು ಎರಡೂ ಗೊತ್ತಿಲ್ಲದ ಡಬ್ಬಿಯನ್ನು ಯಾವ ಸೇನೆ ತಾನೇ ಒಳಗೆ ಬಿಟ್ಟುಕೊಳ್ಳುತ್ತದೆ?

ಖಾಸಗಿ ಕೊರಿಯರ್‌ನವರು ಎಪಿಒ ವಿಳಾಸವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಅಂಚೆಯೇ ಗತಿ. ದರ ದೇಶದೊಳಗಿನ ಪಾರ್ಸೆಲ್‌ಗೆ ಇರುವಷ್ಟೇ. ಆದರೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ರಜೆ ಮುಗಿಸಿ ವಾಪಸ್ ಹೊರಟ ಹುಡುಗ. ಅವನ ಕೈಯಲ್ಲಿ ಕೊಟ್ಟರೆ ಡಬ್ಬಿ ಅಲ್ಲಾಡುವುದೂ ಇಲ್ಲ, ಕಳೆಯುವುದೂ ಇಲ್ಲ. ಅವನ ಟ್ರಂಕಿನಲ್ಲಿ ಜಾಗ ಇರಬೇಕು, ಅಷ್ಟೇ. ಅವರಮ್ಮ ಆಗಲೇ ಅರ್ಧ ತುಂಬಿಸಿರುತ್ತಾಳೆ!

ಈಗ ಏನು ಕಳಿಸುವುದು ಎಂಬ ವಿಚಾರ. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಿನಲ್ಲಿ ಜನರಿಂದ ಹಣ ಎತ್ತಿ ಸೈನಿಕರಿಗೆಲ್ಲ ಒಂದೊಂದು ಹಿತ್ತಾಳೆ ಡಬ್ಬಿ ಹಂಚಿದರು. ಹೆಚ್ಚಿನ ಬ್ರಿಟಿಷ್ ಸೈನಿಕರ ಡಬ್ಬಿಯಲ್ಲಿ ತಂಬಾಕು, ಸಿಗರೇಟು. ಆಗ ಫ್ರಾನ್ಸಿನ ಕಂದಕಗಳಲ್ಲಿ ನಮ್ಮವರೂ ಇದ್ದರು. ಸಿಖ್ಖರು ತಂಬಾಕು ಮುಟ್ಟುವುದಿಲ್ಲ ಎಂದು ಅವರ ಪಾಲಿಗೆ ಸಕ್ಕರೆ ಮಿಠಾಯಿ ಮತ್ತು ಒಂದು ಪುಟ್ಟ ಡಬ್ಬಿ ಮಸಾಲೆ ಇಟ್ಟಿದ್ದರು. ಆಳುವವರ ಲೆಕ್ಕಾಚಾರ ಏನೇ ಇರಲಿ, ತಿನ್ನುವವರು ಯಾರು ಎಂದು ಯೋಚಿಸಿದ್ದರು. ನಮ್ಮ ಸಂಘಗಳು ಎಷ್ಟೋ ಸಲ ಇದನ್ನೇ ಮರೆಯುತ್ತವೆ. ಅಂಗಡಿಯಲ್ಲಿ ಬಿಸ್ಕತ್ತು, ಸೋಪು, ಟೂತ್‌ಪೇಸ್ಟು ಸಗಟಿನಲ್ಲಿ ಕೊಂಡು ತುಂಬಿಸುತ್ತಾರೆ. ಅವೆಲ್ಲ ಮಿಲಿಟ್ರಿ ಕ್ಯಾಂಟೀನಿನಲ್ಲಿ ಇಲ್ಲಿಗಿಂತ ಅಗ್ಗಕ್ಕೆ ಸಿಗುತ್ತವೆ. ಅಲ್ಲಿ ಸಿಗದಿರುವುದು ನಿಮ್ಮ ಅಡುಗೆಮನೆಯದ್ದು.

ಉತ್ತರ ಕರ್ನಾಟಕದವರಿಗೆ ಇದರಲ್ಲಿ ಹುಟ್ಟಾ ಅನುಕೂಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕರದಂಟು ಎಲ್ಲವೂ ದೂರದ ದಾರಿಗೆಂದೇ ಹುಟ್ಟಿದ ಹಾಗಿವೆ. ಅದರಲ್ಲೂ ಕರದಂಟು. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ. ಸಣ್ಣ ತುಂಡಿನಲ್ಲೇ ಹೊಟ್ಟೆಗೆ ಆಧಾರ. ಎತ್ತರದ ಜಾಗದಲ್ಲಿ ಹಸಿವೇ ಆಗುವುದಿಲ್ಲ, ಊಟ ಸೇರುವುದಿಲ್ಲ. ಅಲ್ಲಿ ಒಂದು ತುತ್ತಿನಲ್ಲೇ ಶಕ್ತಿ ಕೊಡುವ ತಿಂಡಿಗೆ ಬೆಲೆ ಜಾಸ್ತಿ. ದಕ್ಷಿಣದವರು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುರಿಹಿಟ್ಟು ಕಳಿಸಬಹುದು. ಹೂರಣದ ಹೋಳಿಗೆ, ಧಾರವಾಡ ಪೇಡೆ, ಹಾಲಿನ ಯಾವ ಸಿಹಿಯೂ ಬೇಡ. ದಾರಿಯಲ್ಲಿ ಎಷ್ಟು ದಿನ ಆಗುತ್ತದೆ ಎಂದು ಯಾರೂ ಹೇಳಲಾರರು, ದೆಹಲಿಯ ಸೆಕೆ ದಾಟುವಷ್ಟರಲ್ಲೇ ಹುಳಿ ಬಂದಿರುತ್ತದೆ. ಉಪ್ಪಿನಕಾಯಿ ಎಲ್ಲರಿಗೂ ಇಷ್ಟ, ಆದರೆ ಎಣ್ಣೆ ಸೋರಿದರೆ ನಿಮ್ಮ ಡಬ್ಬಿಯ ಜೊತೆ ಚೀಲದಲ್ಲಿರುವ ಇತರರ ಪತ್ರಗಳೂ ಹಾಳು. ಅದರ ಬದಲು ಚಟ್ನಿಪುಡಿ ಸಾಕು.

ಕಟ್ಟುವುದೂ ಒಂದು ಕೆಲಸವೇ. ಖಡಕ್ ರೊಟ್ಟಿಯನ್ನು ಸುಮ್ನೆ ರಟ್ಟಿನ ಡಬ್ಬಿಗೆ ಹಾಕಿದರೆ ಅಲ್ಲಿ ಪುಡಿ ಸಿಗುತ್ತದೆ. ರೊಟ್ಟಿ ಸುತ್ತಳತೆಗೆ ಸರಿಹೋಗುವ ತಗಡಿನ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಹುಡುಕಿ. ತಳಕ್ಕೆ ಮಡಿಸಿದ ಬಟ್ಟೆ ಇಡಿ, ರೊಟ್ಟಿ ಜೋಡಿಸಿ, ಮೇಲೆ ಮತ್ತೆ ಬಟ್ಟೆ ಒತ್ತಿ, ಅಲುಗಾಡಿಸಿದರೆ ಸದ್ದು ಬರಬಾರದು. ಚಟ್ನಿಪುಡಿಗೆ ಎರಡು ಕವರ್. ಹೊರಗಿನ ಡಬ್ಬಿಗೆ ಬಿಳಿ ಬಟ್ಟೆ ಹೊಲಿದು, ಅಳಿಸದ ಪೆನ್ನಿನಲ್ಲಿ ವಿಳಾಸ ಬರೆಯುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ. ಒಳಗೂ ಒಂದು ಚೀಟಿಯಲ್ಲಿ ಅದೇ ವಿಳಾಸ, ನಿಮ್ಮ ಸಂಘದ ವಿಳಾಸ, ಏನೇನಿದೆ ಎಂಬ ಪಟ್ಟಿ ಇರಲಿ. ಒಂದು ದೊಡ್ಡ ಡಬ್ಬಿಗಿಂತ ಎರಡು ಮೂರು ಕಿಲೋದ ಸಣ್ಣವು ಮೇಲು. ಸೆಂಟು, ಬೆಂಕಿಪೊಟ್ಟಣ, ಲೈಟರ್, ಪವರ್ ಬ್ಯಾಂಕ್ ಹಾಕಬೇಡಿ. ನೋಟುಗಳನ್ನೂ ಹಾಕಬೇಡಿ.

ಸ್ವೆಟರ್ ಬಗ್ಗೆ ಸ್ವಲ್ಪ ಬೇಸರದ ಮಾತು. 1962ರಲ್ಲಿ ಚೀನಾ ಯುದ್ಧವಾದಾಗ ನಮ್ಮ ಸೈನಿಕರಿಗೆ ಸರಿಯಾದ ಚಳಿ ಬಟ್ಟೆ ಇರಲಿಲ್ಲ. ದೇಶದ ಉದ್ದಗಲಕ್ಕೂ ಹೆಂಗಸರು ಉಣ್ಣೆ ಹಿಡಿದು ಸ್ವೆಟರ್ ಹೆಣೆದರು, ಮೈಮೇಲಿನ ಒಡವೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಆ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಇದೆ, ಅದಕ್ಕೇ ಸ್ವೆಟರ್ ಎಂದರೆ ಮನಸ್ಸು ಓಡುತ್ತದೆ. ಇವತ್ತು ಸಿಯಾಚಿನ್‌ನಂಥ ಕಡೆ ಪದರ ಪದರದ ವಿಶೇಷ ಉಡುಪನ್ನು ಸೇನೆಯೇ ಕೊಡುತ್ತದೆ, ಕರ್ತವ್ಯದ ಮೇಲೆ ಬೇರೆಯದನ್ನು ಹಾಕುವಂತಿಲ್ಲ. ಹತ್ತಿಯ ಕಾಲುಚೀಲವಂತೂ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಆ ಚಳಿಯಲ್ಲಿ ಒದ್ದೆ ಕಾಲು ಎಂದರೆ ಬೆರಳು ಕಳೆದುಕೊಳ್ಳುವ ದಾರಿ. ಉಣ್ಣೆಯ ಕೆಲಸ ಮಾಡಲೇಬೇಕು ಎಂದಿದ್ದರೆ ಬ್ಯಾರಕ್ಕಿನಲ್ಲಿ ಹಾಕಿಕೊಳ್ಳುವ ಟೋಪಿ, ಮಫ್ಲರ್ ಹೆಣೆಯಿರಿ.

ಯಾವಾಗ ಕಳಿಸಬೇಕು? ನನ್ನ ಮಾತು ಕೇಳಿದರೆ ದೀಪಾವಳಿ ಬಿಟ್ಟು ನಾಗರಪಂಚಮಿ ಹಿಡಿಯಿರಿ. ದೀಪಾವಳಿ ಹೊತ್ತಿಗೆ ಲಡಾಖಿನ ಎತ್ತರದ ಕಣಿವೆಗಳಲ್ಲಿ ಹಿಮ ಶುರುವಾಗಿರುತ್ತದೆ. ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ದಾರಿ ಚಳಿಗಾಲದಲ್ಲಿ ಮುಚ್ಚುತ್ತದೆ. ಸೇನೆ ತನ್ನ ಆರು ತಿಂಗಳ ದಾಸ್ತಾನನ್ನು ಬೇಸಿಗೆಯಲ್ಲೇ ಮೇಲೆ ಸಾಗಿಸಿ ಮುಗಿಸಿರುತ್ತದೆ. ಸಿಯಾಚಿನ್‌ನ ಮೇಲಿನ ಪೋಸ್ಟುಗಳಿಗೆ ಸಾಮಾನು ಹೋಗುವುದು ಸಣ್ಣ ಹೆಲಿಕಾಪ್ಟರಿನಲ್ಲಿ, ಇಲ್ಲವೇ ಮನುಷ್ಯರ ಬೆನ್ನ ಮೇಲೆ. ಅಲ್ಲಿ ಪ್ರತಿ ಕಿಲೋಗೂ ಲೆಕ್ಕ. ಸೀಮೆಎಣ್ಣೆ ಮೊದಲೋ ನಿಮ್ಮ ಲಾಡು ಮೊದಲೋ ಎಂದರೆ ಉತ್ತರ ಹೇಳಬೇಕಾಗಿಲ್ಲ. 2019ರಲ್ಲಿ ಅಲ್ಲಿನ ಸೈನಿಕರು ಹೆಪ್ಪುಗಟ್ಟಿದ ಮೊಟ್ಟೆಯನ್ನೂ ಜ್ಯೂಸನ್ನೂ ಸುತ್ತಿಗೆಯಿಂದ ಒಡೆಯುವ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ನೆನಪಿದೆಯಾ? ಮೈಸೂರು ಪಾಕ್ ಗತಿ ಏನಾದೀತು ಯೋಚಿಸಿ. ಶ್ರಾವಣದಲ್ಲಾದರೆ ದಾರಿ ತೆರೆದಿರುತ್ತದೆ. ಹೇಗೂ ಪಂಚಮಿಗೆ ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಪುಠಾಣಿ ಉಂಡಿ ಕಟ್ಟುತ್ತೀರಿ. ಅದೇ ತಿಂಗಳ ಹುಣ್ಣಿಮೆಗೆ ರಾಖಿ. ಪಂಚಮಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಉಂಡಿ ಕಟ್ಟಿ ಕಳಿಸಿಬಿಟ್ಟರೆ ಹಬ್ಬದ ಆಸುಪಾಸಿಗೆ ಮುಟ್ಟಬಹುದು.

ಮಕ್ಕಳ ಪತ್ರ ಕಳಿಸುತ್ತೇವೆ ಎಂದಿದ್ದೀರಿ. ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ತೂಕವಿಲ್ಲ, ಕೆಡುವುದಿಲ್ಲ. ಆದರೆ ಟೀಚರ್ ಬೋರ್ಡಿನ ಮೇಲೆ ಬರೆದದ್ದನ್ನು ನಲವತ್ತು ಮಕ್ಕಳು ನಕಲು ಮಾಡಿದ "ನೀವಿರುವುದರಿಂದ ನಾವು ನೆಮ್ಮದಿಯಾಗಿದ್ದೇವೆ" ಎಂಬ ಪತ್ರವನ್ನು ಎರಡನೆಯದಕ್ಕೇ ಮಡಿಸಿಡುತ್ತಾರೆ. ಮಗು ತನ್ನ ಊರಿನ ಸುದ್ದಿ ಬರೆಯಲಿ. ಕೆರೆ ತುಂಬಿತೋ ಇಲ್ಲವೋ, ಜಾತ್ರೆಯಲ್ಲಿ ಯಾವ ನಾಟಕ ಆಡಿದರು, ಶಾಲೆಯ ಕಬಡ್ಡಿ ತಂಡ ಯಾರ ಕೈಲಿ ಸೋತಿತು. ಮಗುವಿನ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್ ಬೇಡ. ಶಾಲೆಯ ವಿಳಾಸ ಇದ್ದರೆ ಉತ್ತರ ಬರೆಯುವವರು ಅಲ್ಲಿಗೇ ಬರೆಯುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಮಾಡುತ್ತೇವೆ, ಐನೂರು ಡಬ್ಬಿ ಎನ್ನುವವರು ಮೊದಲು ಅನುಮತಿ ಕೇಳಿ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ (ಪ್ರತಿ ಜಿಲ್ಲೆಗೂ ಇಲ್ಲ, ಪಕ್ಕದ ಜಿಲ್ಲೆಯದ್ದು ನಿಮಗೂ ಸೇರಿರಬಹುದು). ಬೆಳಗಾವಿ ಕಡೆಯವರಿಗೆ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಊರಲ್ಲೇ ಇದೆ, ಬೆಂಗಳೂರಿನವರಿಗೆ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಪತ್ರ ಬರೆದು "ಏನು ಬೇಕು?" ಎಂದು ಕೇಳಿ. ಬಂದ ಉತ್ತರ ತಿಂಡಿ ಆಗಿರಲಿಕ್ಕಿಲ್ಲ. ಪುಣೆಯ ಸುಮೇಧಾ ಮತ್ತು ಯೋಗೇಶ್ ಚಿಠಾಡೆ ದಂಪತಿ ಒಡವೆ ಮಾರಿ ಶುರು ಮಾಡಿ, ಉಳಿದದ್ದನ್ನು ಜನರಿಂದ ಕೂಡಿಸಿ, 2019ರಲ್ಲಿ ಸಿಯಾಚಿನ್ ಬೇಸ್ ಆಸ್ಪತ್ರೆಗೆ ಆಮ್ಲಜನಕ ತಯಾರಿಸುವ ಘಟಕ ಮಾಡಿಸಿಕೊಟ್ಟರು.

ಹಣವನ್ನೇ ಕೊಡುತ್ತೇವೆ ಎನ್ನುವವರಿಗೂ ದಾರಿಗಳಿವೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನವರು, ಫೆಬ್ರುವರಿ 11ರಂದು ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಅವರೂ ಸೇರಿ ಮೂವರು ಕರ್ನಾಟಕದವರು. ಆಗ ದೇಶದ ಎಲ್ಲೆಡೆಯಿಂದ ಜನ ಆ ಮನೆಗಳಿಗೆ ಹಣ ಎಲ್ಲಿ ಕೊಡಬೇಕು ಎಂದು ಕೇಳಲು ಶುರು ಮಾಡಿದ್ದರಿಂದಲೇ ಯುದ್ಧದಲ್ಲಿ ಮಡಿದವರ, ಗಾಯಗೊಂಡವರ ಕುಟುಂಬಗಳಿಗೆಂದು ರಕ್ಷಣಾ ಇಲಾಖೆ 2017ರಲ್ಲಿ ಪ್ರತ್ಯೇಕ ನಿಧಿ ತೆರೆಯಿತು. 1949ರಿಂದ ಪ್ರತಿ ಡಿಸೆಂಬರ್ 7ರಂದು ನಡೆಯುವ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯೂ ಇದೆ. ವಾಟ್ಸಾಪಿನಲ್ಲಿ ಬಂದ ಖಾತೆ ನಂಬರಿಗೆ ಮಾತ್ರ ಕಳಿಸಬೇಡಿ. 2025ರ ಏಪ್ರಿಲ್‌ನಲ್ಲಿ ಸೇನೆಗೆ ಶಸ್ತ್ರ ಕೊಳ್ಳಲು ಹಣ ಹಾಕಿ ಎಂಬ ಸಂದೇಶ ಹರಿದಾಡಿದಾಗ ಅದು ದಾರಿ ತಪ್ಪಿಸುವಂಥದ್ದು ಎಂದು ಇಲಾಖೆಯೇ ಹೇಳಬೇಕಾಯಿತು.

ಕೊನೆಗೆ ಕೆಲವು ಬಿಡಿ ವಿಷಯ. ಗಡಿಯಲ್ಲಿ ಇರುವವರೆಲ್ಲ ಸೇನೆಯವರಲ್ಲ. ಪಾಕಿಸ್ತಾನ, ಬಾಂಗ್ಲಾ ಗಡಿಯ ಬಹುಭಾಗ ಬಿಎಸ್‌ಎಫ್ (ಗಡಿ ಭದ್ರತಾ ಪಡೆ) ಕೈಯಲ್ಲಿದೆ, ಚೀನಾ ಗಡಿಯಲ್ಲಿ ಐಟಿಬಿಪಿಯವರೂ (ಇಂಡೋ-ಟಿಬೆಟನ್ ಗಡಿ ಪೊಲೀಸರು) ಇದ್ದಾರೆ. ಅವರ ವಿಳಾಸದ ರೀತಿ ಬೇರೆ ಇರಬಹುದು, ಮನೆಯವರು ಹೇಳಿದ್ದನ್ನೇ ಬರೆಯಿರಿ. ಹಡಗಿನಲ್ಲಿರುವ ನೌಕಾಪಡೆಯವರಿಗೆ ಹಡಗಿನ ಹೆಸರು ಬರೆದು ಫ್ಲೀಟ್ ಮೇಲ್ ಆಫೀಸಿನ ಮೂಲಕ ಕಳಿಸಬೇಕು. ಡಬ್ಬಿ ಕಟ್ಟಿದ ಮೇಲೆ ಸಂಘದವರೆಲ್ಲ ಅದನ್ನು ಎದುರಿಗಿಟ್ಟುಕೊಂಡು ಫೋಟೊ ತೆಗೆಯುವುದು ಇದ್ದದ್ದೇ. ತೆಗೆಯಿರಿ, ಫೇಸ್‌ಬುಕ್ಕಿಗೂ ಹಾಕಿ. ವಿಳಾಸ ಬರೆದ ಬದಿ ಗೋಡೆ ಕಡೆಗಿರಲಿ.