ಹದಿನೇಳು ಮಿಲಿಮೀಟರ್ ಗಾಳಿ

1875ರ ಏಪ್ರಿಲ್ 15ರಂದು ಪ್ಯಾರಿಸ್ಸಿನಿಂದ ‘ಜೆನಿತ್’ ಎಂಬ ಬಲೂನು ಮೂವರು ಫ್ರೆಂಚರನ್ನು ಹೊತ್ತು ಮೇಲೇರಿತು. ಬುಟ್ಟಿಯಲ್ಲಿ ಆಮ್ಲಜನಕ ಬೆರೆತ ಗಾಳಿಯ ಚೀಲಗಳಿದ್ದವು. ಸುಸ್ತೆನಿಸಿದರೆ ನಳಿಕೆಯನ್ನು ಬಾಯಿಗಿಟ್ಟು ಎಳೆದುಕೊಂಡರಾಯಿತು ಎಂದುಕೊಂಡಿದ್ದರು. ಏಳೂವರೆ ಸಾವಿರ ಮೀಟರ್ ದಾಟಿದ ಮೇಲೆ ಗಾಸ್ತೋಂ ತಿಸಾಂದಿಯೆ ಅವರಿಗೆ ನಳಿಕೆ ಬೇಕೆನಿಸಿತು, ಆದರೆ ಕೈ ಏಳಲಿಲ್ಲ. ಎಂಟು ಸಾವಿರ ಮೀಟರ್ ಮುಟ್ಟಿದೆವು ಎಂದು ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ನೋವಿರಲಿಲ್ಲ, ಭಯವೂ ಇರಲಿಲ್ಲ, ಒಳಗೊಳಗೇ ಒಂದು ಬಗೆಯ ಸುಖವಿತ್ತು ಎಂದು ಆಮೇಲೆ ಅವರೇ ಬರೆದರು. ಎಚ್ಚರವಾದಾಗ ಬಲೂನು ಕೆಳಗಿಳಿಯುತ್ತಿತ್ತು. ಜೊತೆಗಿದ್ದ ಇಬ್ಬರೂ ತೀರಿಕೊಂಡಿದ್ದರು. ಬದುಕುಳಿದ ತಿಸಾಂದಿಯೆ ಕಿವುಡರಾದರು.

ಆ ಬಲೂನು ಏರಿದ್ದು ಸುಮಾರು 8,600 ಮೀಟರ್ ಎಂದು ಅಂದಾಜು. ನೂರಮೂರು ವರ್ಷಗಳ ನಂತರ, 1978ರ ಮೇ 8ರಂದು, ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಎಂಬ ಆರೋಹಿಗಳು ಅದಕ್ಕಿಂತ ಎತ್ತರದ ಎವರೆಸ್ಟ್ ಶಿಖರಕ್ಕೆ ಆಮ್ಲಜನಕದ ಸಿಲಿಂಡರ್ ಇಲ್ಲದೆ ತಮ್ಮ ಕಾಲ ಮೇಲೆ ನಡೆದು ಹೋದರು, ನಡೆದೇ ಇಳಿದರು. ಕುಳಿತವರು ಕುಳಿತಲ್ಲೇ ಸತ್ತ ಎತ್ತರದಲ್ಲಿ ಇವರು ಹೆಜ್ಜೆ ಕಿತ್ತಿಟ್ಟದ್ದು ಹೇಗೆ? ಎವರೆಸ್ಟಿನ ಕತೆಯಲ್ಲಿ ಬಾವುಟ ನೆಟ್ಟ ಚಿತ್ರಗಳಿಗಿಂತ ಈ ಪ್ರಶ್ನೆಯೇ ನನಗೆ ದೊಡ್ಡದು.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಪಾಲು ಬದಲಾಗುವುದಿಲ್ಲ. ಕಡಲ ದಂಡೆಯಲ್ಲೂ ಶಿಖರದಲ್ಲೂ ಅದು ನೂರಕ್ಕೆ ಇಪ್ಪತ್ತೊಂದೇ. ಬದಲಾಗುವುದು ಒತ್ತಡ. ಹತ್ತಿಯ ಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದರೆ ಅಡಿಯ ಮೂಟೆ ಅದುಮಿಕೊಂಡು ಗಟ್ಟಿಯಾಗುತ್ತದೆ, ತುದಿಯದು ಸಡಿಲವಾಗಿ ಉಳಿಯುತ್ತದೆ. ವಾತಾವರಣವೂ ಹಾಗೆಯೇ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವ ಗಾಳಿ ಎವರೆಸ್ಟಿನ ತುದಿಯಲ್ಲಿ ಎತ್ತುವುದು ಅದರ ಮೂರನೆಯ ಒಂದು ಭಾಗವನ್ನು ಮಾತ್ರ. ಎಳೆದುಕೊಂಡ ಉಸಿರಿನಲ್ಲಿ ಮೈಯ ತೇವದ ಆವಿ 47 ಮಿಲಿಮೀಟರಿನಷ್ಟು ಜಾಗ ಹಿಡಿಯುತ್ತದೆ. ಅದು ಕೆಳಗೂ ಅಷ್ಟೇ, ಮೇಲೂ ಅಷ್ಟೇ. ಇರುವುದೇ ಕಡಿಮೆ ಆದಾಗ ಈ ಕಡಿತ ಬಹಳ ಭಾರಿ ಬೀಳುತ್ತದೆ.

ಈ ಲೆಕ್ಕವನ್ನು ಎವರೆಸ್ಟಿಗಾಗಿ ಮೊದಲು ಕೂತು ಮಾಡಿದವರು ಅಲೆಕ್ಸಾಂಡರ್ ಕೆಲ್ಲಾಸ್. 1868ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ. ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಅವರ ಬಳಿ ಸಹಾಯಕರಾಗಿದ್ದರು. ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗ ಎಂದು ಸಲಹೆ ಕೊಟ್ಟವರು ಇದೇ ರಾಮ್ಸೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತ, ರಜೆ ಸಿಕ್ಕಾಗಲೆಲ್ಲ ಸಿಕ್ಕಿಂನ ಬೆಟ್ಟಗಳಿಗೆ ಬರುತ್ತಿದ್ದ ಕೆಲ್ಲಾಸ್, ಯುರೋಪಿನ ಮಾರ್ಗದರ್ಶಿಗಳನ್ನು ಕಟ್ಟಿಕೊಳ್ಳದೆ ಶೆರ್ಪಾಗಳ ಜೊತೆ ಹತ್ತಿದರು. ಶೆರ್ಪಾಗಳ ಬಲವನ್ನು ಎಲ್ಲರಿಗಿಂತ ಮೊದಲು ಅರಿತವರಲ್ಲಿ ಒಬ್ಬರು. 1911ರಲ್ಲಿ 7,128 ಮೀಟರ್ ಎತ್ತರದ ಪೌಹುನ್ರಿಯನ್ನೇರಿದರು. 1920ರ ಸುಮಾರಿಗೆ ಅವರು ಬರೆದ ಹಸ್ತಪ್ರತಿಯೊಂದರಲ್ಲಿ ಎವರೆಸ್ಟಿನ ತುದಿಯ ಒತ್ತಡ 251 ಮಿಲಿಮೀಟರ್ ಇರಬಹುದೆಂಬ ಲೆಕ್ಕವಿದೆ. ಅಲ್ಲಿ ಮನುಷ್ಯನ ದೇಹ ನಿಮಿಷಕ್ಕೆ ಹೆಚ್ಚೆಂದರೆ ಒಂದು ಲೀಟರಿಗಿಂತ ಕೊಂಚ ಕಡಿಮೆ ಆಮ್ಲಜನಕ ಬಳಸಿಕೊಳ್ಳಬಲ್ಲದು, ದಾರಿ ತೀರಾ ಕಷ್ಟದ್ದಲ್ಲದಿದ್ದರೆ ಗಟ್ಟಿ ಆಳೊಬ್ಬ ಸಿಲಿಂಡರ್ ಇಲ್ಲದೆಯೇ ಹತ್ತಬಹುದು ಎಂಬುದು ಅವರ ತೀರ್ಮಾನ. ಮರುವರ್ಷ ಮೊದಲ ಎವರೆಸ್ಟ್ ತಂಡದ ಜೊತೆ ಟಿಬೆಟ್ಟಿನಲ್ಲಿ ಸಾಗುವಾಗ ಭೇದಿಯಿಂದ ಬಳಲಿ ಬಳಲಿ, 1921ರ ಜೂನ್ 5ರಂದು, ಕಂಪಾ ದ್ಜೋಂಗ್ ಬಳಿ ಹೃದಯ ನಿಂತು ತೀರಿಕೊಂಡರು. ಆ ಹಸ್ತಪ್ರತಿ ಪೂರ್ತಿಯಾಗಿ ಅಚ್ಚಾದದ್ದು 2001ರಲ್ಲಿ. ಎಂಬತ್ತು ವರ್ಷ ಅದು ಕಪಾಟಿನಲ್ಲಿ ಬಿದ್ದಿತ್ತು ಎಂದು ನೆನೆದರೆ ಸಂಕಟವಾಗುತ್ತದೆ.

ಅಷ್ಟರಲ್ಲಿ ಬೆಟ್ಟ ತನ್ನ ಲೆಕ್ಕವನ್ನು ತಾನೇ ಹೇಳತೊಡಗಿತ್ತು. 1922ರ ಜೂನ್ 7ರಂದು ಹಿಮದ ರಾಶಿ ಜಾರಿ, ಹೊರೆ ಹೊತ್ತಿದ್ದ ಏಳು ಜನ ಸತ್ತರು. ಬ್ರಿಟಿಷರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅಂದು ಅಲ್ಲಿದ್ದ ಸರ್ಜನ್ ಹೊವಾರ್ಡ್ ಸೋಮರ್ವೆಲ್, ನಮ್ಮಲ್ಲೊಬ್ಬನಾದರೂ ಅವರ ಜೊತೆ ಸಾಯಬಾರದಿತ್ತೇ ಎಂದು ಪರಿತಪಿಸಿದರು. ಮುಂದೆ ಅವರು ಕನ್ಯಾಕುಮಾರಿಯ ಕಡೆಯ ನೆಯ್ಯೂರಿನ ಆಸ್ಪತ್ರೆಯಲ್ಲಿ ದಶಕಗಳ ಕಾಲ ಬಡವರಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1924ರಲ್ಲಿ ಮತ್ತೆ ಎವರೆಸ್ಟಿಗೆ ಹೋದಾಗ, ಇಳಿಯುವ ದಾರಿಯಲ್ಲಿ ಇದೇ ಸೋಮರ್ವೆಲ್‌ಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ದಿನಗಟ್ಟಲೆ ಒಣ ಶೀತಗಾಳಿಯನ್ನು ಬಾಯಿಯಿಂದ ಎಳೆದೆಳೆದು ಗಂಟಲಿನ ಒಳಪೊರೆ ಹೆಪ್ಪುಗಟ್ಟಿ ಸತ್ತು, ಕಳಚಿ ಶ್ವಾಸನಾಳಕ್ಕೆ ಅಡ್ಡ ನಿಂತಿತ್ತು. ಮುಂದೆ ಇಳಿಯುತ್ತಿದ್ದ ಜೊತೆಗಾರ ನಾರ್ಟನ್‌ರನ್ನು ಕೂಗಲು ದನಿಯಿಲ್ಲ. ಹಿಮದಲ್ಲಿ ಕುಳಿತರು. ಕೊನೆಯದೆಂಬಂತೆ ಎರಡೂ ಕೈಯಿಂದ ಎದೆಯನ್ನು ಬಲವಾಗಿ ಒತ್ತಿ ಕೆಮ್ಮಿದರು. ರಕ್ತದೊಂದಿಗೆ ಆ ಪೊರೆ ಹೊರಬಂತು. ನಾಲ್ಕು ದಿನಗಳ ನಂತರ, ಜೂನ್ 8ರಂದು, ಅದೇ ಬೆಟ್ಟದಲ್ಲಿ ಅದೇ ತಂಡದ ಮ್ಯಾಲರಿ ಮತ್ತು ಇರ್ವಿನ್ ಮಂಜಿನಲ್ಲಿ ಮರೆಯಾದರು.

1953ರ ಮೇ 29ರ ಗೆಲುವಿನ ಹಿಂದೆ ತೇನ್‌ಸಿಂಗ್ ಮತ್ತು ಹಿಲರಿ ಇದ್ದಂತೆ ಗ್ರಿಫಿತ್ ಪ್ಯೂ ಎಂಬ ಶರೀರಶಾಸ್ತ್ರಜ್ಞರೂ ಇದ್ದರು. ಸಿಲಿಂಡರಿನಿಂದ ನಿಮಿಷಕ್ಕೆ ನಾಲ್ಕು ಲೀಟರಿನಷ್ಟು ಆಮ್ಲಜನಕ ಬಿಟ್ಟರೆ ಮಾತ್ರ ಅದರ ಭಾರ ಹೊತ್ತದ್ದಕ್ಕೆ ಫಲ, ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಲೇಬೇಕು, ಎತ್ತರಕ್ಕೆ ಹೊಂದಿಕೊಳ್ಳಲು ವಾರಗಳನ್ನೇ ಕೊಡಬೇಕು ಎಂದು ಅಳೆದು ತೋರಿಸಿದವರು ಅವರು. ಪ್ಯೂ ಅವರದೇ ಮುಂದಿನ ಅಳತೆಗಳನ್ನು ನೋಡಿದವರಿಗೆ ಸಿಲಿಂಡರಿಲ್ಲದ ಏರಿಕೆ ಅಸಾಧ್ಯವೆನ್ನಿಸಿತ್ತು. ಶಿಖರದಲ್ಲಿ ಸಿಗುವ ಆಮ್ಲಜನಕ ಸುಮ್ಮನೆ ಮಲಗಿರಲು ಮಾತ್ರ ಸಾಕಾದೀತು ಎಂಬ ಅನುಮಾನವಿತ್ತು. ವಿಮಾನದವರು ಬಳಸುವ ಸಾಮಾನ್ಯ ಕೋಷ್ಟಕದ ಪ್ರಕಾರ ಆ ಎತ್ತರದ ಒತ್ತಡ 236 ಮಿಲಿಮೀಟರ್. ಅಷ್ಟೇ ಇದ್ದಿದ್ದರೆ ಆ ಅನುಮಾನ ನಿಜವಾಗುತ್ತಿತ್ತೇನೋ.

1981ರ ಅಕ್ಟೋಬರ್ 24ರಂದು ಕ್ರಿಸ್ಟೋಫರ್ ಪಿಜ್ಜೊ ಎಂಬ ವೈದ್ಯ ವಾಯುಭಾರಮಾಪಕ ಹಿಡಿದು ಶಿಖರದಲ್ಲಿ ನಿಂತರು. ಅದು ತೋರಿಸಿದ್ದು 253. ಕೆಲ್ಲಾಸ್ ಲೆಕ್ಕಕ್ಕೆ ಎರಡೇ ಮಿಲಿಮೀಟರ್ ದೂರ, ಕೋಷ್ಟಕಕ್ಕೆ ಹದಿನೇಳು ಹೆಚ್ಚು. ಕಾರಣ ಸರಳವಾಗಿದೆ. ಭೂಮಧ್ಯರೇಖೆಯತ್ತ ಬಿಸಿಲು ಹೆಚ್ಚು, ಅಲ್ಲಿ ವಾತಾವರಣ ಎತ್ತರಕ್ಕೆ ಉಬ್ಬಿರುತ್ತದೆ. ಎವರೆಸ್ಟ್ ಇರುವುದು 28 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆ ಉಬ್ಬಿನ ನೆರಳಿನಲ್ಲಿ. ಇದೇ ಬೆಟ್ಟ ಅಲಾಸ್ಕದಲ್ಲಿ ಎದ್ದಿದ್ದರೆ ಮೆಸ್ನರ್‌ಗೂ ಸಿಲಿಂಡರ್ ಬೇಕಾಗುತ್ತಿತ್ತು.

ಆ ಹದಿನೇಳು ಮಿಲಿಮೀಟರ್ ಗಾಳಿಯನ್ನೂ ದೇಹ ದುಡಿದೇ ಗಳಿಸಬೇಕು. ಎತ್ತರದಲ್ಲಿ ಉಸಿರಾಟ ತಾನಾಗಿ ಜೋರಾಗುತ್ತದೆ. ಅದರಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಮಿದುಳು ಹೆದರಿ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ದಿನಗಟ್ಟಲೆ ಕೆಲಸ ಮಾಡಿ ಆ ಕ್ಷಾರವನ್ನು ಹೊರಹಾಕಿದ ಮೇಲಷ್ಟೇ ಉಸಿರು ಸಲೀಸಾಗುತ್ತದೆ. ಅಲ್ಲಿಯವರೆಗೆ ರಾತ್ರಿ ಗುಡಾರದಲ್ಲಿ ಪಕ್ಕದವರ ಉಸಿರನ್ನು ಕೇಳುತ್ತ ಮಲಗುವುದು ಕಷ್ಟ. ನಾಲ್ಕಾರು ಸಲ ಏದುಸಿರು, ಮತ್ತೆ ಹತ್ತು ಸೆಕೆಂಡಿನ ಮೌನ, ಮತ್ತೆ ಬೆಚ್ಚಿಬಿದ್ದಂತೆ ಒಂದು ದೊಡ್ಡ ಉಸಿರು. ಈ ಕೆಲಸಕ್ಕೆ ಬಲೂನಿನವರಿಗೆ ಸಿಕ್ಕಿದ್ದು ಎರಡು ಗಂಟೆ, ಮೆಸ್ನರ್‌ಗೆ ವಾರಗಳು.

ಅವಸರ ಮಾಡಿದರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿದವರಲ್ಲಿ ಭಾರತೀಯ ಸೇನೆಯ ವೈದ್ಯರು ಮುಖ್ಯರು. 1962ರ ಯುದ್ಧದ ಕಾಲಕ್ಕೆ ಬಯಲಿನ ಸೈನಿಕರನ್ನು ಹಿಮಾಲಯದ ಠಾಣ್ಯಗಳಿಗೆ ಆತುರಾತುರವಾಗಿ ಏರಿಸಲಾಯಿತು. ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು ಕಾಯಿಲೆ ಬಿದ್ದ 1,925 ಸೈನಿಕರ ವಿವರಗಳನ್ನು 1969ರಲ್ಲಿ ಪ್ರಕಟಿಸಿದರು. ಶ್ವಾಸಕೋಶದ ರಕ್ತನಾಳಗಳು ಎತ್ತರದಲ್ಲಿ ಬಿಗಿದುಕೊಳ್ಳುತ್ತವೆ, ಒತ್ತಡ ತಾಳದ ಕಡೆ ನೀರು ಸೋರುತ್ತದೆ. ಮೊದಲು ಒಣ ಕೆಮ್ಮು, ಆಮೇಲೆ ಎದೆಯಲ್ಲಿ ಗುರುಗುರು, ಕೊನೆಗೆ ಬಾಯಿಯಲ್ಲಿ ಗುಲಾಬಿ ಬಣ್ಣದ ನೊರೆ. ಇನ್ನೊಂದು ಕಾಯಿಲೆಯಲ್ಲಿ ಮಿದುಳೇ ಊದಿಕೊಳ್ಳುತ್ತದೆ, ಮನುಷ್ಯ ಕುಡಿದವನಂತೆ ಓಲಾಡುತ್ತಾನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಮತ್ತೆ ಯೋಚಿಸುವಂತಿಲ್ಲ. ಎರಡಕ್ಕೂ ಔಷಧಗಳಿವೆ, ಆದರೆ ಎಲ್ಲಕ್ಕಿಂತ ಮೇಲಾದ ಮದ್ದು ಆ ಕ್ಷಣವೇ ಕೆಳಗಿಳಿಯುವುದು.

ಇಳಿಯಬೇಕೆಂದು ನಿರ್ಧರಿಸಬೇಕಾದ ಮಿದುಳಿಗೇ ಅಲ್ಲಿ ಆಮ್ಲಜನಕವಿಲ್ಲ ಎಂಬುದು ಈ ಬೆಟ್ಟದ ಘೋರ ಸತ್ಯ. 2007ರ ಮೇ ತಿಂಗಳಲ್ಲಿ ಶಿಖರದಿಂದ ಇಳಿಯುತ್ತಿದ್ದ ಬ್ರಿಟಿಷ್ ವೈದ್ಯರ ತಂಡವೊಂದು 8,400 ಮೀಟರಿನಲ್ಲಿ ನಿಂತಿತು. ಕೊರೆಯುವ ಚಳಿಯಲ್ಲಿ ದಪ್ಪ ಉಡುಪಿನ ಜಿಪ್ ತೆಗೆದು, ಒಬ್ಬರ ತೊಡೆಸಂದಿನ ಅಪಧಮನಿಗೆ ಇನ್ನೊಬ್ಬರು ಸೂಜಿ ಚುಚ್ಚಿ ರಕ್ತ ತೆಗೆದರು. ಶೆರ್ಪಾಗಳು ಅದನ್ನು ಎರಡು ಗಂಟೆಯೊಳಗೆ 6,400 ಮೀಟರಿನ ಶಿಬಿರಕ್ಕೆ ಇಳಿಸಿ ಮುಟ್ಟಿಸಿದರು. ನಾಲ್ವರ ರಕ್ತದಲ್ಲಿ ಆಮ್ಲಜನಕದ ಸರಾಸರಿ ಒತ್ತಡ 24.6 ಮಿಲಿಮೀಟರ್ ಇತ್ತು, ಒಬ್ಬರದು 19.1. ಕೆಳಗೆ ಆರೋಗ್ಯವಂತರಲ್ಲಿ ಇದು ತೊಂಬತ್ತರ ಮೇಲಿರುತ್ತದೆ. ಈ ಸಂಖ್ಯೆಯ ರೋಗಿ ನಮ್ಮೂರಿನ ಆಸ್ಪತ್ರೆಗೆ ಬಂದರೆ ವೈದ್ಯರು ಕೈಬಿಟ್ಟಾರು. ಅವರು ಅಲ್ಲಿ ನಿಂತು ಪ್ರಯೋಗ ಮಾಡುತ್ತಿದ್ದರು.

1921ರಿಂದ 2006ರವರೆಗೆ ಎವರೆಸ್ಟಿನಲ್ಲಿ ಸತ್ತ 212 ಜನರ ದಾಖಲೆಗಳನ್ನು ಪರಿಶೀಲಿಸಿದವರಿಗೆ ಕಂಡದ್ದೂ ಇದೇ. ಎಂಟು ಸಾವಿರ ಮೀಟರಿನ ಮೇಲೆ ಸತ್ತ ಆರೋಹಿಗಳಲ್ಲಿ ಹೆಚ್ಚಿನವರು ಸತ್ತದ್ದು ಇಳಿಯುವಾಗ. ಗೊಂದಲ, ತಡವರಿಸುವ ಹೆಜ್ಜೆ, ಜೊತೆಯವರಿಂದ ಹಿಂದೆ ಬೀಳುವುದು, ಇವು ಅವರಲ್ಲಿ ಕಂಡ ಲಕ್ಷಣಗಳು. ಶೆರ್ಪಾಗಳ ಸಾವಿನ ಜಾಗ ಬೇರೆ. ಅವರಲ್ಲಿ ಬಹುಪಾಲು ಜನ ಸತ್ತದ್ದು ಕೆಳಗೆ, ಹಿಮ ಕುಸಿಯುವ ದಾರಿಯಲ್ಲಿ. ತಲೆತಲಾಂತರದಿಂದ ಎತ್ತರದಲ್ಲಿ ಬಾಳಿದ ಅವರ ಸ್ನಾಯುಗಳು ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಕೆಲಸ ತೆಗೆಯುತ್ತವೆ ಎಂದು ಸಂಶೋಧನೆಗಳು ತೋರಿಸಿವೆ. ಆ ಗುಣವೇ ಅವರನ್ನು ಹೊರೆಗೆ ಗುರಿಮಾಡಿತು.

ಶಿಖರಕ್ಕೆ ಹೋಗುವ ಬಹುತೇಕರು ಇಂದು ಸಿಲಿಂಡರಿನ ಆಮ್ಲಜನಕ ಉಸಿರಾಡುತ್ತಾರೆ. ಒಂದೊಂದು ಸಿಲಿಂಡರೂ ಮೂರು ನಾಲ್ಕು ಕಿಲೋ ಭಾರ. ನೇಪಾಳದ ಕಡೆಯಿಂದ ಹೋಗುವುದಾದರೆ ಅವು ಖುಂಬು ಹಿಮಪ್ರಪಾತವನ್ನು ದಾಟಬೇಕು. ಮನೆಗಾತ್ರದ ನೀರ್ಗಲ್ಲುಗಳು ದಿನವೂ ಸರಿಯುತ್ತಿರುವ ಇಳಿಜಾರು ಅದು. ಹಣ ಕೊಟ್ಟು ಬಂದ ಆರೋಹಿ ಅದನ್ನು ಕೆಲವೇ ಸಲ ದಾಟುತ್ತಾನೆ, ಹೊರೆ ಹೊರುವವರು ಒಂದೇ ಋತುವಿನಲ್ಲಿ ಮತ್ತೆ ಮತ್ತೆ. 2014ರ ಏಪ್ರಿಲ್ 18ರ ಬೆಳಿಗ್ಗೆ ಮೇಲಿನಿಂದ ನೀರ್ಗಲ್ಲು ಕಳಚಿ ಬಿದ್ದು ಅಲ್ಲಿ ಹದಿನಾರು ನೇಪಾಳಿಗಳು ಸತ್ತರು. ಆರೋಹಿಗಳಿಗಾಗಿ ಸಾಮಾನು ಸಾಗಿಸುತ್ತಿದ್ದವರು ಅವರು. ಮೂವರ ದೇಹ ಸಿಗಲೇ ಇಲ್ಲ. ಬಿಸಿಲೇರಿದರೆ ನೀರ್ಗಲ್ಲು ಸಡಿಲವಾಗುತ್ತದೆ, ಆದ್ದರಿಂದ ಆ ದಾರಿಗೆ ಹೊರಡುವುದು ಕತ್ತಲಲ್ಲೇ. ಋತುವಿನ ಯಾವುದಾದರೊಂದು ರಾತ್ರಿ ಮೂರು ಗಂಟೆಗೆ ಬುಡದ ಶಿಬಿರದಿಂದ ಹೊರಬಂದು ನೋಡಿದರೆ, ಆ ಇಳಿಜಾರಿನಲ್ಲಿ ತಲೆದೀಪಗಳ ಒಂದು ಸಾಲು ನಿಧಾನವಾಗಿ ಏರುತ್ತಿರುತ್ತದೆ. ಬೆನ್ನ ಮೇಲಿರುವುದು ಇನ್ನೊಬ್ಬರ ಉಸಿರು.